ಮಾರ್ಚ್ ಕೊನೆಯೊಳಗೆ

ಬೆಂಗಳೂರಿನಲ್ಲಿ ಮನೆ ಓನರುಗಳ ಹೆಣ್ಣುಮಕ್ಕಳಿಗೆ ಆಗುವಷ್ಟು ಮದುವೆ ಇನ್ಯಾರಿಗೂ ಆಗುವುದಿಲ್ಲ. ರೂಮಿನ ನಾಲ್ವರಲ್ಲಿ ಒಬ್ಬ ಬೇಡವಾದ ಕೂಡಲೇ ಓನರ್ ಮಗಳಿಗೆ ಗಂಡು ಗೊತ್ತಾಗುತ್ತದೆ, ಮನೆ ಖಾಲಿ ಮಾಡಬೇಕಾಗುತ್ತದೆ. ಬಿಟಿಎಂ ಲೇಔಟಿನಲ್ಲಿದ್ದ ನನ್ನ ದೊಡ್ಡಮ್ಮನ ಮಗ ಮತ್ತವನ ಸ್ನೇಹಿತರು ತಮ್ಮ ನಾಲ್ಕನೆಯವನನ್ನು ಕಳಿಸಿದ್ದು ಹೀಗೆ. "ಮಗಾ, ಓನರ್ ಮಗಳ ಮದ್ವೆಯಂತೆ, ಮನೆ ಬೇಕಂತೆ" ಎಂದರು. ಪಾಪದ ಹುಡುಗ ನಂಬಿದ. ಟಾಟಾ ಏಸಿಗೆ ಫ್ರಿಜ್ ಏರಿಸಲು ಕೈಯನ್ನೂ ಕೊಟ್ಟ. ಉಳಿದ ಮೂವರು ಎರಡು ಕ್ರಾಸ್ ಆಚೆ ಒಟ್ಟಿಗೇ ಬೇರೆ ಮನೆ ಹಿಡಿದರು. ಸ್ವಲ್ಪ ದಿನಕ್ಕೆ ದರ್ಶಿನಿಯೊಂದರಲ್ಲಿ ನಾಲ್ವರೂ ಎದುರುಬದುರಾದರಂತೆ. "ಕಾಫಿ ಕುಡ್ದು ಹೋದ, ಏನೂ ಕೇಳ್ಲಿಲ್ಲ" ಎಂದು ನಮ್ಮಣ್ಣ ಈಗಲೂ ನೆಮ್ಮದಿಯಿಂದ ಹೇಳುತ್ತಾನೆ. ಜಗಳವಿಲ್ಲದೆ ಮುಗಿಯಿತಲ್ಲ ಎಂಬ ಹೆಮ್ಮೆ ಅವನಿಗೆ. ಒಬ್ಬ ಮನುಷ್ಯನನ್ನು ಕಳಿಸುವುದಕ್ಕೆ ಇದಕ್ಕಿಂತ ಕೆಟ್ಟ ದಾರಿ ನನಗಂತೂ ಹೊಳೆಯುತ್ತಿಲ್ಲ.

ಹುಡುಗಿಯರ ಮನೆಗಳಲ್ಲಿ ಇದೇ ಕೆಲಸ ಇನ್ನೂ ನಯವಾಗಿ ನಡೆಯುತ್ತದೆ. ಹಾಲಿನ ಪ್ಯಾಕೆಟ್ಟಿನ ಮೇಲೆ ಹೆಸರು ಬೀಳುತ್ತದೆ. ಸಾರು ಒಬ್ಬಳಿಗಾಗುವಷ್ಟೇ ಕುದಿಯುತ್ತದೆ. ಒಬ್ಬಳನ್ನು ಬಿಟ್ಟು ವಾಟ್ಸಾಪಿನಲ್ಲಿ ಹೊಸ ಗ್ರೂಪ್ ಹುಟ್ಟುತ್ತದೆ, ಹಳೆಯದರಲ್ಲಿ ಗ್ಯಾಸ್ ಬುಕ್ ಮಾಡಿದ ಸುದ್ದಿಯೂ ಬರದಂತಾಗುತ್ತದೆ. ಕೊನೆಗೆ ಅವಳೇ ಬೇಸತ್ತು ಹೊರಟರೆ, "ಯಾಕೋ ಹೋದ್ಲಪ್ಪ, ನಾವೇನೂ ಅಂದಿರ್ಲಿಲ್ಲ" ಎನ್ನಬಹುದು. ಪಿಜಿಗಳಲ್ಲಿ ಈ ತಲೆನೋವಿಲ್ಲ. ಅಲ್ಲಿ ಹೊರಡು ಎನ್ನುವುದು ನಡೆಸುವವರ ಪಾಡು, ಪಕ್ಕದ ಮಂಚದವಳದ್ದಲ್ಲ.

ನಾನು ನೇರವಾಗಿ ಹೇಳಿದವಳು. ಅದಕ್ಕಾಗಿ ನನ್ನ ಚಿಕ್ಕಮ್ಮ ನನ್ನ ಜೊತೆ ಇವತ್ತಿಗೂ "ಹೂಂ", "ಹೌದಾ" ಬಿಟ್ಟು ಹೆಚ್ಚು ಮಾತಾಡುವುದಿಲ್ಲ.

ಮನೆ ವಿಜಯನಗರದಲ್ಲಿ, ಅತ್ತಿಗುಪ್ಪೆ ಮೆಟ್ರೋ ನಿಲ್ದಾಣಕ್ಕೆ ನಡೆದುಹೋಗುವಷ್ಟು ದೂರದಲ್ಲಿ. ಎರಡು ರೂಮು, ಒಂದು ಹಾಲು, ಮೇಲೆ ಓನರು. ಬಾಡಿಗೆ 18 ಸಾವಿರ. ಹತ್ತು ತಿಂಗಳ ಅಡ್ವಾನ್ಸ್ ಎಂಬ ಬೆಂಗಳೂರಿನ ಹಳೆಯ ಪದ್ಧತಿಯಲ್ಲಿ ಒಂದಿಷ್ಟು ಚೌಕಾಸಿ ಮಾಡಿ ಒಂದೂವರೆ ಲಕ್ಷ ಕೊಟ್ಟಿದ್ದೆವು, ನಾನು ಅರ್ಧ, ನನ್ನ ಸಹೋದ್ಯೋಗಿ ಅರ್ಧ. (ವಸತಿಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು ಎಂದು ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಬರೆಯಿತು. ಮಾದರಿ ಎಂದರೆ ರಾಜ್ಯಗಳು ಬೇಕಿದ್ದರೆ ಅಳವಡಿಸಿಕೊಳ್ಳಲಿ ಎಂದಷ್ಟೇ. ನಮ್ಮ ಬೀದಿಯ ಟು-ಲೆಟ್ ಬೋರ್ಡುಗಳಿಗೆ ಅದರ ಗಾಳಿ ಸೋಕಿಲ್ಲ.) ಕರಾರುಪತ್ರ ಎಲ್ಲರಂತೆ ಹನ್ನೊಂದು ತಿಂಗಳದ್ದು. ಒಂದು ವರ್ಷ ಮೀರಿದರೆ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾಗುತ್ತದೆ ಎಂಬ ಒಂದೇ ಕಾರಣಕ್ಕೆ ಈ ಊರಿನ ಅರ್ಧ ಜನರ ಬದುಕು ಹನ್ನೊಂದು ತಿಂಗಳ ಕಂತುಗಳಲ್ಲಿ ಸಾಗುತ್ತದೆ.

ಸಹೋದ್ಯೋಗಿಗೆ ಮದುವೆಯಾಗಿ ಮೈಸೂರಿಗೆ ಹೋದಳು. ಅದೇ ವಾರ ತೀರ್ಥಹಳ್ಳಿಯಿಂದ ಚಿಕ್ಕಮ್ಮನ ಫೋನು. ಅವರ ಮೈದುನನ ಮಗಳು ಡಿಗ್ರಿ ಮುಗಿಸಿ ಕೆಎಎಸ್‌ಗೆ ಓದಬೇಕು ಅಂತಿದ್ದಾಳೆ, ಕೋಚಿಂಗ್ ಎಲ್ಲ ನಿಮ್ಮ ವಿಜಯನಗರದಲ್ಲೇ ಇದೆಯಂತಲ್ಲ, ಪರೀಕ್ಷೆಯೊಂದು ಮುಗಿಯೋವರೆಗೆ ನಿನ್ನ ಜೊತೆ ಇರಲಿ. ಕೋಚಿಂಗ್ ಇರುವುದಂತೂ ನಿಜ. ಇಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸು, ತಿಂಗಳ ಲೆಕ್ಕದಲ್ಲಿ ಕುರ್ಚಿ ಬಾಡಿಗೆಗೆ ಕೊಡುವ ರೀಡಿಂಗ್ ರೂಮು, ಟೀ ಅಂಗಡಿ ಮುಂದೆ ನಿಂತು ಕೀ ಆನ್ಸರ್ ತಾಳೆ ನೋಡುವ ಹುಡುಗರು, ಇವೇ ಬೀದಿ. ರಾಯಚೂರು, ಬೀದರ, ಹಾವೇರಿ, ಚಾಮರಾಜನಗರ, ಎಲ್ಲ ಕಡೆಯ ಮಕ್ಕಳೂ ಇಲ್ಲಿ ಸಿಗುತ್ತಾರೆ.

ಹುಡುಗಿಯ ಅಪ್ಪ 75 ಸಾವಿರವನ್ನು ನನ್ನ ಸಹೋದ್ಯೋಗಿಯ ಅಕೌಂಟಿಗೆ ಹಾಕಿದರು. ಒಬ್ಬರು ಬಿಟ್ಟು ಇನ್ನೊಬ್ಬರು ಬರುವಾಗ ಅಡ್ವಾನ್ಸು ಹೀಗೆ ಒಳಗೊಳಗೇ ಕೈ ಬದಲಾಯಿಸುತ್ತದೆ, ಓನರ್ ತನಕ ಹೋಗುವುದೇ ಇಲ್ಲ. ಕರಾರಿನಲ್ಲಿ ಅವಳ ಹೆಸರೂ ಬರಲಿಲ್ಲ. ಮುಂದಿನ ಗಂಟು ಬಿದ್ದದ್ದು ಇಲ್ಲೇ.

ಪರೀಕ್ಷೆಯೊಂದು ಮುಗಿಯುವವರೆಗೆ ಎಂದರು. ಅದು ಮುಗಿಯಬೇಕಲ್ಲ. ಕೆಎಎಸ್ ಎಂದು ಎಲ್ಲರೂ ಕರೆಯುವ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಶುರುವಿನಲ್ಲಿ ಅಧಿಸೂಚನೆ ಬಂತು. ಪೂರ್ವಭಾವಿ ಪರೀಕ್ಷೆ ಮುಂದಕ್ಕೆ ಹೋಗಿ ಹೋಗಿ ಆಗಸ್ಟ್ 27ಕ್ಕೆ ನಿಂತಿತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದಲ್ಲಿ ತಪ್ಪುಗಳ ರಾಶಿ, ಕನ್ನಡದಲ್ಲಿ ಬರೆದವರ ಗಲಾಟೆ, ಮರುಪರೀಕ್ಷೆಗೆ ಮುಖ್ಯಮಂತ್ರಿಗಳ ಆದೇಶ. ಅದು ನಡೆದದ್ದು ಡಿಸೆಂಬರ್ 29ರಂದು. ನಮ್ಮ ಹಾಲಿಗೆ ಬರುತ್ತಿದ್ದ ಅವಳ ಗೆಳತಿಯರಲ್ಲಿ ಒಬ್ಬಳು ಪಿಎಸ್‌ಐ 545 ಹುದ್ದೆಗಳ ಪರೀಕ್ಷೆ ಬರೆದವಳು. 2021ರ ಅಕ್ಟೋಬರಿನಲ್ಲಿ ಬರೆದ ಆ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಇಂಥವರಿಗೆ "ನಿನ್ನ ಗಡುವು ಯಾವಾಗ?" ಎಂದು ಕೇಳುವುದು ಹೇಗೆ? ಗಡುವು ಅವರ ಕೈಯಲ್ಲಿರುವುದಿಲ್ಲ. ಅವಳು "ಇದೊಂದು ಮುಗೀಲಿ ಅಕ್ಕ" ಎಂದಾಗಲೆಲ್ಲ ಸುಳ್ಳು ಹೇಳುತ್ತಿರಲಿಲ್ಲ.

ಈ ನಡುವೆ ಮನೆ ನಿಧಾನಕ್ಕೆ ಕ್ಲಾಸ್‌ರೂಮಾಯಿತು. ಹಾಲಿನ ಗೋಡೆಗೆ ಕರ್ನಾಟಕದ ನದಿಗಳು, ಬಚ್ಚಲಿನ ಬಾಗಿಲಿನ ಒಳಮುಖಕ್ಕೆ ಮೈಸೂರು ಒಡೆಯರ ವಂಶಾವಳಿ. ರಾತ್ರಿ ಎಂಟೂವರೆಗೆ ಆಫೀಸಿನಿಂದ ಬಂದರೆ ಚಾಪೆ ಹಾಸಿಕೊಂಡು ಕೂತ ಹುಡುಗಿಯರು ಮಹದಾಯಿಯ ನೀರು ಯಾರಿಗೆಷ್ಟು ಎಂದು ವಾದಿಸುತ್ತಿದ್ದರು. ಕಲ್ಯಾಣ ಕರ್ನಾಟಕಕ್ಕೆ 371(ಜೆ) ತಂದದ್ದು 98ನೇ ತಿದ್ದುಪಡಿ ಎಂದು ನಾನೀಗ ನಿದ್ದೆಯಲ್ಲೂ ಹೇಳಬಲ್ಲೆ, ನನ್ನ ಕೆಲಸಕ್ಕೆ ಅದರಿಂದ ನಯಾಪೈಸೆ ಉಪಯೋಗವಿಲ್ಲ. ಅವಳು ಬಾಯಿಬಿಟ್ಟು ಓದುವವಳು. ಬೆಳಗಿನ ಜಾವ ನಾಲ್ಕಕ್ಕೆ ಅರಣ್ಯ ಹಕ್ಕು ಕಾಯ್ದೆ ಗೋಡೆ ದಾಟಿ ನನ್ನ ಹಾಸಿಗೆಗೆ ಬರುತ್ತಿತ್ತು. ದಿನವಿಡೀ ಫ್ಯಾನು, ಲೈಟು ಉರಿದರೂ ಕರೆಂಟಿಗಾಗಿ ಜಗಳವಾಗಲಿಲ್ಲ ಎನ್ನುವುದು ಬೇರೆ ಮಾತು. 2023ರಲ್ಲಿ ಗೃಹಜ್ಯೋತಿ ಬಂದು ಇನ್ನೂರು ಯೂನಿಟ್ ಒಳಗಿನ ಬಿಲ್ಲು ಸೊನ್ನೆಯಾದ ಮೇಲೆ ಈ ಊರಿನ ರೂಮುಗಳಲ್ಲಿ ಮನಸ್ತಾಪದ ಒಂದು ಹಳೆಯ ಬಾಬತ್ತೇ ಇಲ್ಲವಾಗಿದೆ. ಆ ಯೋಜನೆಯ ಈ ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಸೆಪ್ಟೆಂಬರಿನಿಂದ ಅವಳ ಪಾಲಿನ ಬಾಡಿಗೆ ನಿಂತಿತು. ಮಲೆನಾಡಿನವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಎಲೆಚುಕ್ಕಿ ರೋಗ ಹತ್ತಿದ ಅಡಿಕೆ ತೋಟದಲ್ಲಿ ಸೋಗೆ ಒಣಗುತ್ತದೆ, ಫಸಲು ಇಳಿಯುತ್ತದೆ, ಔಷಧಿ ಹೊಡೆಯಲು ಮಾತ್ರ ಮೊದಲಿಗಿಂತ ಹೆಚ್ಚು ದುಡ್ಡು ಬೇಕು. ಅವಳಪ್ಪನದ್ದು ಒಂದೂವರೆ ಎಕರೆ. ಕೇಳಲು ನನಗೆ ಬಾಯಿ ಬರಲಿಲ್ಲ, ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಇಡೀ ಬಾಡಿಗೆ ನನ್ನದು, ಮನೆ ಮಾತ್ರ ಅರ್ಧ ನನ್ನದು ಎಂಬಂತಾಯಿತು.

ಆದರೆ ದುಡ್ಡೇ ಕಾರಣ ಎಂದರೆ ಅದೂ ಪೂರ್ತಿ ನಿಜವಲ್ಲ. ನನಗೆ ಮೂವತ್ತು ದಾಟಿತ್ತು. ಹಾಸ್ಟೆಲಿನಿಂದ ಪಿಜಿಗೆ, ಪಿಜಿಯಿಂದ ಶೇರಿಂಗ್ ಮನೆಗೆ ಬಂದವಳು. ಬೀಗ ತೆಗೆದರೆ ಒಳಗೆ ಯಾರೂ ಇರದ ಒಂದು ಮನೆ ಬೇಕು ಅನ್ನಿಸಿತ್ತು, ಅಷ್ಟೇ. ಈ ಅಷ್ಟಕ್ಕೆ ನಮ್ಮ ಕಡೆ ಮರ್ಯಾದೆಯಿಲ್ಲ. ಮದುವೆಯಾಗುತ್ತೇನೆ ಎಂದರೆ ಒಪ್ಪುತ್ತಾರೆ, ಅಮ್ಮನಿಗೆ ಹುಷಾರಿಲ್ಲ, ಕರೆಸಿಕೊಳ್ಳಬೇಕು ಎಂದರೂ ಒಪ್ಪುತ್ತಾರೆ. ಒಬ್ಬಳೇ ಇರುತ್ತೇನೆ ಎಂದರೆ, ಅದಕ್ಕಾಗಿ ಒಂದು ಹುಡುಗಿಯನ್ನು ಎಬ್ಬಿಸುತ್ತೀಯಾ ಎನ್ನುತ್ತಾರೆ. ಹೀಗಾಗಿ ಮನಸ್ಸು ತಾನಾಗಿ ತಪ್ಪು ಹುಡುಕಲು ಶುರುಮಾಡುತ್ತದೆ. ಬಚ್ಚಲಲ್ಲಿ ಕೂದಲು, ಮುಚ್ಚದ ಸಕ್ಕರೆ ಡಬ್ಬಿ, ಮೋಟರ್ ಆಫ್ ಮಾಡಲು ಮರೆತು ತುಂಬಿ ಹರಿದ ಟ್ಯಾಂಕು. ಮೊದಲು ಕಣ್ಣಿಗೇ ಬೀಳದಿದ್ದವೆಲ್ಲ ದೋಷಾರೋಪ ಪಟ್ಟಿಗೆ ಸಾಲುಗಟ್ಟಿ ಬಂದವು. ಹೇಳುವ ದಿನ ಇದರಲ್ಲಿ ಒಂದನ್ನೂ ಎತ್ತಬಾರದು ಎಂದುಕೊಂಡೆ. ಪಟ್ಟಿ ಓದಿದರೆ ಅವಳು ಒಂದೊಂದಕ್ಕೂ "ಇನ್ಮುಂದೆ ಸರಿ ಮಾಡ್ಕೊಳ್ತೀನಿ" ಎನ್ನುತ್ತಾಳೆ, ಸರಿ ಮಾಡಿಯೂ ಮಾಡುತ್ತಾಳೆ. ಆಮೇಲೆ ಯಾವ ಮುಖ ಇಟ್ಟುಕೊಂಡು ಹೋಗು ಎನ್ನುವುದು?

ನಾನು ಆಡಿಟರ್ ಆಫೀಸಿನವಳು, ಕಾಯ್ದೆ ಪುಸ್ತಕ ತಿರುವುವ ಚಟ ಇದೆ. ಕರಾರಿನಲ್ಲಿ ಹೆಸರಿಲ್ಲದ, ನನ್ನ ಒಪ್ಪಿಗೆಯ ಮೇಲೆ ಉಳಿದುಕೊಂಡವಳು ಕಾನೂನಿನ ಕಣ್ಣಿಗೆ ಏನು ಎಂದು ಹುಡುಕಿದೆ. 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ ಲೈಸೆನ್ಸ್ ಎಂಬ ಅಧ್ಯಾಯವಿದೆ. ಅದರ 63ನೇ ಕಲಮಿನ ಪ್ರಕಾರ, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಂಡಾಗ ಆ ಮನುಷ್ಯನಿಗೆ ಜಾಗ ಬಿಡಲು, ತನ್ನ ಸಾಮಾನು ಸಾಗಿಸಲು ತಕ್ಕಷ್ಟು ಕಾಲಾವಕಾಶ ಸಿಗಬೇಕು. ಎಷ್ಟು ದಿನ ಎಂದು ಬರೆದಿಲ್ಲ. ಬರೆಯದಿದ್ದದ್ದೇ ಒಳ್ಳೆಯದಾಯಿತು, ಯಾರಿಗೆ ಎಷ್ಟು ಎಂದು ಎದುರಿಗಿರುವವರನ್ನು ನೋಡಿ ಲೆಕ್ಕ ಹಾಕಬೇಕಾಗುತ್ತದೆ. ಇನ್ನು ಇಲ್ಲದ ಹೊತ್ತು ನೋಡಿ ಬೀಗ ಬದಲಾಯಿಸುವ ಶೂರರಿಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇದೆ: ಸ್ವಾಧೀನದಲ್ಲಿದ್ದವರನ್ನು ಒಪ್ಪಿಗೆಯಿಲ್ಲದೆ, ಕಾನೂನಿನ ಕ್ರಮ ಬಿಟ್ಟು ಹೊರಹಾಕಿದರೆ ಅವರು ಆರು ತಿಂಗಳೊಳಗೆ ದಾವೆ ಹೂಡಬಹುದು. ನಮ್ಮ ಮನೆಯಲ್ಲಿ ಕೋರ್ಟಿನ ಮಾತು ಬರುವಂತಿರಲಿಲ್ಲ. ಆದರೂ ನೂರಾನಲವತ್ತು ವರ್ಷದ ಹಿಂದಿನ ಕಾಯ್ದೆಗೆ ಇದ್ದಷ್ಟು ಸೌಜನ್ಯ ನನಗೂ ಇರಲಿ ಎನ್ನಿಸಿತು.

ಗಂಟು ಇದ್ದದ್ದು ಅಡ್ವಾನ್ಸಿನಲ್ಲಿ. ಅವಳ 75 ಸಾವಿರ ಓನರ್ ಬಳಿ ನನ್ನ ದುಡ್ಡಿನ ಜೊತೆ ಕೂತಿದೆ, ನಾನು ಮನೆ ಬಿಡದೆ ಅದು ಹೊರಗೆ ಬರದು. ಸಾಮಾನ್ಯವಾಗಿ ಹೊಸಬಳನ್ನು ಹುಡುಕಿ ಅವಳಿಂದ ಇಸಿದು ಹಳಬಳಿಗೆ ಕೊಡುತ್ತಾರೆ. ನನಗೆ ಹೊಸಬಳು ಬೇಡ. ಇನ್ನೊಂದು ಕಡೆ ಬಾಕಿ ಬೆಳೆಯುತ್ತಿದೆ. ಜನವರಿಯ ಹೊತ್ತಿಗೆ ಐದು ತಿಂಗಳದ್ದು 45 ಸಾವಿರ. ಮಾತಾಡದೆ ಮಳೆಗಾಲದವರೆಗೆ ಸುಮ್ಮನಿದ್ದರೆ ಅಡ್ವಾನ್ಸು ಪೂರ್ತಿ ಬಾಕಿಗೇ ಹೊಂದಿಕೆಯಾಗಿ, ಅವಳು ಬೇರೆ ಕಡೆ ಕಾಲಿಡಲೂ ಕೈಯಲ್ಲಿ ಕಾಸಿರದೆ ಹೋಗುತ್ತಿದ್ದಳು. ದಾಕ್ಷಿಣ್ಯಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಪೆಟ್ಟು ಬೀಳುತ್ತಿದ್ದುದು ಅವಳಿಗೇ. ಹಾಗಾಗಿ ಮೊದಲು ಆಫೀಸಿನ ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಿದೆ. ಮೂವತ್ತು ಸಾವಿರ ಬೀರುವಿನಲ್ಲಿ ಕೂತ ಮೇಲೆಯೇ ಮಾತು. ದುಡ್ಡು ಹೊಂದಿಸದೆ ಹೋಗು ಎನ್ನುವವರನ್ನು ನಾನು ಬಹಳ ನೋಡಿದ್ದೇನೆ; "ಹೊಸಬ್ರು ಬಂದ್ಮೇಲೆ ಕೊಡ್ತೀವಿ" ಎಂದು ವರ್ಷಗಟ್ಟಲೆ ಅಲೆಸುತ್ತಾರೆ.

ಮೇಲಿನ ಮನೆಯ ಆಂಟಿಗೆ ವಿಷಯ ತಿಳಿಸಲು ಹೋದೆ. ಅವರು ಬಹಳ ಒಳ್ಳೆಯವರು. "ನೀನ್ಯಾಕಮ್ಮ ನಿಷ್ಠುರ ಕಟ್ಕೊಳ್ತೀಯ? ನಾನೇ ಹೇಳ್ತೀನಿ ಬಿಡು. ನಮ್ಮ ಮಗಳು ಬರ್ತಿದ್ದಾಳೆ, ರೂಮ್ ಬೇಕು ಅಂದ್ರಾಯ್ತು" ಎಂದರು. ಆಂಟಿಗೆ ಇರುವವರು ಇಬ್ಬರೂ ಗಂಡುಮಕ್ಕಳು.

ಬೇಡ ಎಂದೆ. ಸುಳ್ಳು ಹೇಳಬಾರದೆಂಬ ಸತ್ಯಸಂಧತೆಯೇನೂ ನನ್ನದಲ್ಲ. ಆಂಟಿ ಹೇಳಿದರೆ ಹುಡುಗಿ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು? ಇಲ್ಲದ ಮಗಳ ಮೇಲೆ? ಓನರ್ ಮಾತಿಗೆ ಎದುರು ಮಾತಿಲ್ಲ, ತಲೆ ಅಲ್ಲಾಡಿಸಿ ಪೆಟ್ಟಿಗೆ ಕಟ್ಟಬೇಕು. ನನ್ನ ಮೇಲಾದರೆ ಕೂಗಾಡಬಹುದು, ಊರಿಗೆ ಫೋನ್ ಮಾಡಿ ನನ್ನ ಜನ್ಮ ಜಾಲಾಡಬಹುದು, ಮುಖ ತಿರುಗಿಸಿಕೊಂಡು ಓಡಾಡಬಹುದು. ಬಿಟಿಎಂನ ಆ ನಾಲ್ಕನೆಯವನು ದರ್ಶಿನಿಯಲ್ಲಿ ಬಾಯಿ ಬಿಡದೆ ಹೋದನಲ್ಲ, ಅವನಿಗೆ ಕೇಳಲು ಏನನ್ನೂ ಉಳಿಸಿರಲಿಲ್ಲ ಇವರು. ಮನೆಯಿಂದ ಕಳಿಸುವವರು ಬೈಸಿಕೊಳ್ಳುವುದಕ್ಕಾದರೂ ಎದುರಿಗೆ ನಿಂತಿರಬೇಕು.

ಸಂಕ್ರಾಂತಿ ಕಳೆದ ಭಾನುವಾರ ಹೇಳಿದೆ. ಪರೀಕ್ಷೆ ಮುಗಿದಿತ್ತು, ಮುಂದಿನ ಯಾವ ಟೆಸ್ಟೂ ಆ ವಾರ ಇರಲಿಲ್ಲ, ಕ್ಯಾಲೆಂಡರ್ ನೋಡಿಯೇ ಕೂತಿದ್ದೆ. ಇಬ್ಬರೂ ಅವರೆಕಾಳು ಹಿತುಕುತ್ತಿದ್ದೆವು. ಮುಖ ನೋಡದೆ ಮಾತಾಡಲು ಇಂಥ ಕೆಲಸ ಇದ್ದರೆ ಅನುಕೂಲ.

"ಒಂದ್ ಮಾತು ಹೇಳ್ಬೇಕಿತ್ತು ಕಣೆ. ಮಾರ್ಚ್ ಕೊನೆಯೊಳಗೆ ನೀನು ಬೇರೆ ಜಾಗ ನೋಡ್ಕೋಬೇಕು."

"ಬಾಡಿಗೆ ಬಾಕಿ ಆತು ಅಂತನಾ ಅಕ್ಕ?"

"ಅದೂ ಇದೆ. ಅದೊಂದೇ ಆಗಿದ್ರೆ ಹೇಳ್ತಿರ್ಲಿಲ್ಲ. ನಂಗೆ ಒಬ್ಬಳೇ ಇರ್ಬೇಕು ಅನ್ನಿಸ್ತಿದೆ."

ಅವಳು ಕಾಳು ಹಿತುಕುವುದು ನಿಲ್ಲಿಸಲಿಲ್ಲ. "ಒಬ್ಳೇ ಇದ್ಕಂಡ್ ಎಂತ ಮಾಡ್ತಿ?" ಎಂದಳು.

ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಏನೂ ಮಾಡಲ್ಲ, ಸುಮ್ನೆ ಇರ್ತೀನಿ ಎಂದೆ. ಬಾಕಿ ಕಳೆದು ಮೂವತ್ತು ಸಾವಿರ ತೆಗೆದಿಟ್ಟಿದ್ದೇನೆ, ಜಾಗ ಸಿಕ್ಕ ದಿನ ಕೊಡುತ್ತೇನೆ, ಫೆಬ್ರವರಿ ಮಾರ್ಚ್ ಬಾಡಿಗೆ ಬೇಡ ಎಂದೆ. "ಮೇನ್ಸ್ ಆಗೋವರೆಗೂ ಬ್ಯಾಡ್ವಾ?" ಎಂದು ಕೇಳಿದಳು. ಮೇನ್ಸ್ ಯಾವಾಗ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಲ್ಲ, ಮಾರ್ಚ್ ಕೊನೆ ಎಂದೆ. ಆ ಎರಡನೇ ಸಲದ "ಇಲ್ಲ" ಮೊದಲನೆಯದಕ್ಕಿಂತ ಕಷ್ಟದ್ದು. ಮೊದಲನೆಯದನ್ನು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿ ಅಭ್ಯಾಸವಾಗಿರುತ್ತದೆ.

ಅವತ್ತಿನ ಸಾರು ಅವಳು ಉಣ್ಣಲಿಲ್ಲ. ಮರುದಿನದಿಂದ ಅವಳ ತಟ್ಟೆ ಮಾತ್ರ ತೊಳೆದಿಡುತ್ತಿದ್ದಳು. ಒಡೆಯರ ವಂಶಾವಳಿ ಬಚ್ಚಲ ಬಾಗಿಲಿನಿಂದ ಅವಳ ರೂಮಿನೊಳಕ್ಕೆ ಹೋಯಿತು. ನಾಲ್ಕು ಗಂಟೆಯ ಓದು ಮಾತ್ರ ಇನ್ನೊಂದು ಸುತ್ತು ಜೋರಾಯಿತು, ಬೇಕೆಂದೇ ಇರಬೇಕು. ನನಗೆ ಅದರಿಂದ ಒಂಥರಾ ಸಮಾಧಾನವೇ ಆಯಿತು.

ಚಿಕ್ಕಮ್ಮ ಫೋನ್ ಮಾಡಿದರು. "ಎಂತದೇ ಇದು? ನಾಲ್ಕು ತಿಂಗಳು ತಡ್ಕಂಡಿದ್ರೆ ಎಂತ ಗಂಟು ಹೋಗ್ತಿತ್ತು ನಿಂದು? ಅವರ ಮನೆಯವರಿಗೆ ನಾನು ಹೆಂಗೆ ಮುಖ ತೋರ್ಸೂದು ಮಾರಾಯ್ತಿ?" ಚಿಕ್ಕಮ್ಮನ ಕಷ್ಟ ಸುಳ್ಳಲ್ಲ. ನಮ್ಮಲ್ಲಿ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಯಾರ ಜೊತೆ ಇರುತ್ತಾಳೆ ಎನ್ನುವುದು ಎರಡು ಮನೆಗಳ ನಡುವಿನ ವ್ಯವಹಾರ. ನಾವಿಬ್ಬರು ಮಾಡಿಕೊಂಡ ಕರಾರಾಗಿದ್ದರೆ ಇಬ್ಬರಲ್ಲೇ ಮುರಿಯುತ್ತಿತ್ತು. ಇಲ್ಲಿ ಚಿಕ್ಕಮ್ಮನ ಮಾತು ಅಡವಿತ್ತು, ಅದನ್ನು ಅವರನ್ನು ಕೇಳದೆ ನಾನು ಬಿಡಿಸಿಕೊಂಡಿದ್ದೆ. ಕೇಳಿದ್ದರೆ ಬೇಡ ಎನ್ನುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು.

ಮಾರ್ಚ್ ಮೂರನೇ ವಾರ ಅವಳು ಗೆಳತಿಯೊಬ್ಬಳ ಜೊತೆ ಚಂದ್ರಾ ಲೇಔಟ್ ಕಡೆಯ ಪಿಜಿಯೊಂದಕ್ಕೆ ಹೋದಳು. ಫಲಿತಾಂಶ ಏನಾಯಿತು ಎನ್ನುವುದು ಅವಳ ವಿಷಯ, ಇಲ್ಲಿ ಬರೆಯುವುದಿಲ್ಲ. ಆಟೋಗೆ ಸಾಮಾನು ಏರಿಸಲು ನಾನು ಹೋದರೆ "ಬ್ಯಾಡ" ಎಂದಳು. ಹಿಂದಕ್ಕೆ ಬಂದೆ. ದುಡ್ಡನ್ನು ಮಾತ್ರ ಎರಡು ಸಲ ಎಣಿಸಿಕೊಂಡಳು, ಅಪ್ಪನ ಮಗಳು.

ಆ ಅಪ್ಪ ನನಗೆ ಒಂದೂ ಕಟುವಾದ ಮಾತಾಡಿದವರಲ್ಲ. ಬೇಡ ಎಂದಿದ್ದ ಎರಡು ತಿಂಗಳ ಬಾಡಿಗೆ 18 ಸಾವಿರ, ಅಡಿಕೆ ಮಾರಿದ ವಾರವೇ ನನ್ನ ಅಕೌಂಟಿಗೆ ಬಂದು ಬಿತ್ತು. ವಾಪಸ್ ಕಳಿಸಲು ನೋಡಿದರೆ ಫೋನ್ ಮಾಡಿ, "ಇದ್ದಷ್ಟು ದಿನದ ಲೆಕ್ಕ ಅದು, ಇಟ್ಕಳಮ್ಮ" ಎಂದರು. ಅವರ ತೋಟ, ಅವರ ಸಾಲ ಎಲ್ಲ ಗೊತ್ತಿದ್ದೂ ನಾನು ಇಟ್ಟುಕೊಂಡೆ. ಹಿಂದಿರುಗಿಸಿದ್ದರೆ ಅವರನ್ನು ಇನ್ನಷ್ಟು ಸಣ್ಣವರನ್ನಾಗಿ ಮಾಡಿದಂತಾಗುತ್ತಿತ್ತು.

ಮೇ ತಿಂಗಳಲ್ಲಿ ಊರಿನ ಮದುವೆಯೊಂದರಲ್ಲಿ ಎಲ್ಲರೂ ಸಿಕ್ಕರು. ಚಿಕ್ಕಮ್ಮ ನನ್ನ ಸೀರೆ ನೋಡಿದರು, ನನ್ನನ್ನು ನೋಡಲಿಲ್ಲ. ಹುಡುಗಿ ಬಂದಿರಲಿಲ್ಲ, ಓದು ಇದೆಯಂತೆ. ಊಟದ ಪಂಕ್ತಿ ಎದ್ದು ಕೈ ತೊಳೆಯುವ ಜಾಗದಲ್ಲಿ ಅವಳಪ್ಪ ಪಕ್ಕಕ್ಕೆ ಕರೆದರು.

"ಬೆಂಗಳೂರಲ್ಲಿ ಮನೆ ಬಿಡೂವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊತ್ರಂತೆ, ಹೌದನಾ?"

ಹೌದು ಎಂದೆ.

"ಮತ್ತೆ ನಮ್ಮ ಹುಡುಗಿದು ಮುರ್ಕಂಡಿಲ್ವಲ್ಲ ನೀನು. ಅರ್ಧ ಅಂದ್ರೆ ಒಂಬತ್ತು ಸಾವ್ರ."

ನಾನು ಮನೆ ಬಿಟ್ಟಿಲ್ಲವಲ್ಲ ಚಿಕ್ಕಪ್ಪ, ಓನರ್ ಇನ್ನೂ ಏನೂ ಹಿಡಿದಿಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿದರು. "ಹಂಗಾರೆ ಹಿಡಿದಾಗ ಹೇಳು" ಎಂದು ಎಲೆಯಡಿಕೆ ತರಲು ಹೊರಟರು.